ನಾಯಿ, ಕೋಳಿ ಇರುವ ಮನೆಗೆ ಹಂದಿಮರಿ ತರುವಾಗ

ಗೋಣಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಎರಡು ನಾಯಿ, ಒಂದು ಬೆಕ್ಕು, ಎರಡು ಹಸು, ಹತ್ತು ಹನ್ನೆರಡು ಕೋಳಿ. ಇವುಗಳ ಮಧ್ಯೆ ಗುಂಡ ಬಂದ. ಕೊಡಗಿನಲ್ಲಿ ಹಂದಿ ಸಾಕುವುದು ಹೊಸದಲ್ಲ. ಹೆಸರಿಟ್ಟು ಸಾಕಿದರೆ ಮಾತ್ರ ನಗುತ್ತಾರೆ. "ಕೈಲ್‌ಪೊಳ್ದ್‌ ಹಬ್ಬಕ್ಕೆ ಬರ್ತೀವಿ, ದಪ್ಪ ಮಾಡಿಡು" ಅಂತ ನೆಂಟರು ಇವತ್ತಿಗೂ ರೇಗಿಸುತ್ತಾರೆ.

ಹಾಲು ಬಿಟ್ಟ, ಎರಡು ತಿಂಗಳು ತುಂಬಿದ ಮರಿಯನ್ನು ಗೊತ್ತಿರುವವರ ಹತ್ತಿರವೇ ತನ್ನಿ. ತೋಟದಲ್ಲಿ ಸಿಕ್ಕಿತು ಅಂತ ಕಾಡುಹಂದಿ ಮರಿ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಚಿಕ್ಕದಾಗಿಯೇ ಇರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಳಿ ಯಾರ್ಕ್‌ಷೈರ್ ಹಂದಿ ಬೆಳೆದರೆ 200 ಕೆಜಿ ಸಲೀಸಾಗಿ ದಾಟುತ್ತದೆ.

ಮೊದಲ ಒಂದು ತಿಂಗಳು ಮರಿ ಬೇರೆಯೇ ಇರಲಿ, ಕೊಟ್ಟಿಗೆಯಿಂದ ದೂರ. ಕಾಲುಬಾಯಿ ಜ್ವರ ಹಂದಿಗೂ ಬರುತ್ತದೆ, ಅಲ್ಲಿಂದ ಹಸುವಿಗೂ ದಾಟುತ್ತದೆ. ಹಂದಿ ಜ್ವರದ ಲಸಿಕೆ, ಜಂತುಹುಳದ ಔಷಧಿ ಆ ತಿಂಗಳಲ್ಲೇ ಮುಗಿಸಿ. ನಾಯಿಗಳ ರೇಬಿಸ್ ಲಸಿಕೆ ಬಾಕಿಯಿದ್ದರೆ ಅದನ್ನೂ ಹಾಕಿಸಿ.

ಮುಸುರೆ ಹಾಕುವಾಗ ಎಚ್ಚರ. 2020ರಲ್ಲಿ ಅಸ್ಸಾಂ ಕಡೆ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಹಂದಿಮಾಂಸದ ಚೂರಿನಿಂದಲೂ ಹರಡುತ್ತದೆ. ಅದಕ್ಕೆ ಔಷಧಿ ಇಲ್ಲ. ಪಂದಿಕರಿ ಮಾಡಿದ ದಿನ ನಮ್ಮ ಮನೆಯ ಮುಸುರೆ ಗುಂಡನಿಗೆ ಇಲ್ಲ. ಅವತ್ತು ತವುಡು, ಸೊಪ್ಪು ಅಷ್ಟೇ.

ಇನ್ನು ನಾಯಿಗಳು. ಕಷ್ಟ ಇರುವುದು ಇಲ್ಲೇ. ಗುಂಡ ಮಲಗಿದ್ದ ಗೋಣಿಚೀಲವನ್ನು ನಾಯಿಗಳ ಜಾಗದಲ್ಲಿ ಹಾಕಿದೆ, ಅವುಗಳ ಚೀಲವನ್ನು ಇವನಿಗೆ. ಒಂದು ವಾರ ಬರೀ ವಾಸನೆ. ಆಮೇಲೆ ತಂತಿಬಲೆಯ ಆಚೆ ಈಚೆ. ಆಮೇಲೆ ನಾಯಿಗೆ ಬೆಲ್ಟ್ ಹಾಕಿ ಒಂದೊಂದಾಗಿ. ಇಷ್ಟಾದ ಮೇಲೆ ನಾನೇ ತಪ್ಪು ಮಾಡಿದೆ. ನಾಯಿಗಳಿಗೆ ಗಂಜಿ ಇಟ್ಟು ಫೋನ್ ಎತ್ತಲು ಒಳಗೆ ಹೋದೆ. ಗುಂಡ ಬಂದು ಸೀದಾ ಗಂಜಿಗೇ ಮೂತಿ ಹಾಕಿದ. ನಮ್ಮ ನಾಯಿ ಬುಡ್ಡಿ ಅವನ ಕಿವಿ ಹರಿಯಿತು. ಮರಿ ಕಿರುಚಿಕೊಂಡು ಓಡಿದಷ್ಟೂ ನಾಯಿಗೆ ಬೇಟೆಯ ಹುಚ್ಚು ಜಾಸ್ತಿ. ಇನ್ನೊಂದು ನಾಯಿಯೂ ಹಿಂದೆ ಬಿತ್ತು. ಅವತ್ತಿನಿಂದ ಊಟ ಬೇರೆ ಬೇರೆ ಜಾಗದಲ್ಲಿ, ಬಾಗಿಲು ಹಾಕಿಯೇ. ಈಗ ಎರಡು ವರ್ಷ ಆಯಿತು, ಜೊತೆಗೇ ಬಿಸಿಲು ಕಾಯುತ್ತವೆ. ಆದರೂ ಯಾರೂ ಇಲ್ಲದಾಗ ಒಟ್ಟಿಗೆ ಬಿಡುವುದಿಲ್ಲ.

ಮರಿಯನ್ನು ಮುದ್ದು ಅಂತ ಎತ್ತಿಕೊಳ್ಳಬೇಡಿ. ಯಾವುದೋ ಪ್ರಾಣಿ ಹಿಡಿಯಿತು ಅಂತಲೇ ಅದು ಕಿರುಚುತ್ತದೆ, ನಾಯಿಗಳು ಕೆರಳುತ್ತವೆ. ನೀವೇ ನೆಲದಲ್ಲಿ ಕುಳಿತುಕೊಳ್ಳಿ. ನಾಲ್ಕು ದಿನದಲ್ಲಿ ತಾನಾಗಿ ಬಂದು ಮೂತಿಯಿಂದ ತಿವಿಯುತ್ತದೆ.

ಬೆಕ್ಕಿನ ಚಿಂತೆ ಬೇಡ. ನಮ್ಮದು ಎರಡು ದಿನ ಕಣದ ಗೋಡೆ ಮೇಲೆ ಕೂತು ನೋಡಿ ಸುಮ್ನಾಯಿತು. ನೀರು ಮಾತ್ರ ಯಾವಾಗಲೂ ಇರಬೇಕು, ಹಾಗೇ ಹೊರಳಾಡಲು ಒಂದು ಕೆಸರು ಗುಂಡಿ. ಹಂದಿ ನಮ್ಮಂತೆ ಬೆವರುವುದಿಲ್ಲ, ಕೆಸರೇ ಅದಕ್ಕೆ ತಂಪು. ಗಲೀಜು ಪ್ರಾಣಿ ಅನ್ನುವವರಿಗೆ ಹೇಳಿ, ಜಾಗ ಕೊಟ್ಟರೆ ಅದು ಮಲಗುವ ಕಡೆ ಹೇಲುವುದಿಲ್ಲ, ದೂರದ ಒಂದು ಮೂಲೆಗೇ ಹೋಗುತ್ತದೆ.

ಕೋಳಿಗಳಿಗೆ ಮಾತ್ರ ಗಟ್ಟಿ ಗೂಡು ಬೇಕು. ಹಂದಿ ಮೊಟ್ಟೆ ಬಿಡುವುದಿಲ್ಲ, ಸಿಕ್ಕರೆ ಕೋಳಿಮರಿಯನ್ನೂ ಬಿಡುವುದಿಲ್ಲ. ನಮ್ಮ ಗೂಡಿಗೆ ಈಗ ಎರಡು ಚಿಲಕ. ಕೆಳಗಿನದನ್ನು ಮೂತಿಯಿಂದ ಎತ್ತುವುದನ್ನು ಗುಂಡ ಆಗಲೇ ಕಲಿತಾಗಿದೆ.