ಗಾಲಿಕುರ್ಚಿಗೂ ಅಳತೆ ಕೊಡಬೇಕು

ಮಕ್ಕಳಿಗೆ ಬಟ್ಟೆ ಹೊಲಿಸುವಾಗ ‘ಸ್ವಲ್ಪ ದೊಡ್ಡದೇ ಇರಲಿ’ ಎನ್ನುತ್ತೇವಲ್ಲ, ನಮ್ಮ ಅತ್ತೆಯವರಿಗೆ ಗಾಲಿಕುರ್ಚಿ ತರುವಾಗಲೂ ನಾನು ಅದೇ ಲೆಕ್ಕ ಹಾಕಿದೆ. ಅಗಲವಾಗಿದ್ದರೆ ಹಾಯಾಗಿ ಕೂರುತ್ತಾರೆ ಎಂದುಕೊಂಡೆ. ಅವರೋ ಒಂದು ಪಕ್ಕಕ್ಕೆ ವಾಲಿಕೊಂಡೇ ಕೂರುತ್ತಿದ್ದರು, ಸಂಜೆಯಾದರೆ ಸೊಂಟನೋವು. ಖಾಲಿ ಉಳಿದ ಸಂದಿಗೆ ದಿಂಬು ತುರುಕಿ ತುರುಕಿ ನನಗೂ ಸಾಕಾಯಿತು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಟೇಪು ಹಿಡಿಯಿರಿ. ಅವರನ್ನು ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಸೊಂಟದ ಕೆಳಗೆ ಅತಿ ಅಗಲವಿರುವ ಕಡೆ ಅಳೆಯಿರಿ. ಆಸನ ಅದಕ್ಕಿಂತ 3ರಿಂದ 5 ಸೆಂ.ಮೀ. ಅಗಲವಿದ್ದರೆ ಸಾಕು. ಬೆನ್ನು ಹಿಂದಕ್ಕೆ ತಾಗಿಸಿ ಕೂತಾಗ ಮಂಡಿಯ ಹಿಂಬದಿಗೂ ಆಸನದ ಅಂಚಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಅಂಚು ಒತ್ತತೊಡಗಿದರೆ ಅವರು ತಾವಾಗಿಯೇ ಮುಂದಕ್ಕೆ ಜಾರುತ್ತಾರೆ, ನಾವು ‘ಸರಿಯಾಗಿ ಕೂತುಕೊಳ್ಳಿ’ ಎಂದು ಗದರುತ್ತೇವೆ. ತಪ್ಪು ಕುರ್ಚಿಯದು, ಬೈಗುಳ ಅವರಿಗೆ! ಪಾದ ಇಡುವ ಹಲಗೆ ತೀರ ಮೇಲಿದ್ದರೂ ಕಷ್ಟವೇ. ಮಂಡಿ ಎದ್ದು ನಿಂತು ಭಾರವೆಲ್ಲ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ.

ಮನೆಯ ಬಾಗಿಲುಗಳನ್ನೂ ಅಳೆಯಿರಿ, ಮೊದಲು ಬಚ್ಚಲುಮನೆಯದು. ದೊಡ್ಡ ಚಕ್ರದ ಕುರ್ಚಿ ಆಸನಕ್ಕಿಂತ ಸುಮಾರು 20 ಸೆಂ.ಮೀ. ಹೆಚ್ಚು ಅಗಲವಿರುತ್ತದೆ, ಜೊತೆಗೆ ಚಕ್ರ ತಿರುಗಿಸುವ ಬೆರಳುಗಳಿಗೂ ಜಾಗ ಬೇಕು. ತಾವೇ ತಳ್ಳಿಕೊಳ್ಳುವಷ್ಟು ಕೈಬಲವಿದ್ದರೆ ದೊಡ್ಡ ಚಕ್ರದ್ದೇ ಕೊಡಿಸಿ. ಇನ್ನೊಬ್ಬರಿಗೆ ಕಾಯದೆ ಕಿಟಕಿಯವರೆಗೆ ಹೋಗುವುದು ಸಣ್ಣ ಸ್ವಾತಂತ್ರ್ಯವಲ್ಲ.

ಹೆಚ್ಚಿನವರು ಮರೆಯುವುದು ಕೈಯಾಸರೆಯನ್ನು. ಅದು ಕಳಚುವಂತೆಯೋ ಹಿಂದಕ್ಕೆ ಮಡಚುವಂತೆಯೋ ಇದ್ದರೆ ಮಂಚದಿಂದ ಪಕ್ಕಕ್ಕೆ ಜರುಗಿಸಿಕೊಳ್ಳಬಹುದು. ಇಲ್ಲವಾದರೆ ದಿನಕ್ಕೆ ಹತ್ತು ಸಲ ಎತ್ತಿ ಕೂರಿಸಬೇಕು, ಆಮೇಲೆ ಎತ್ತುವವರ ಬೆನ್ನಿಗೂ ಔಷಧ ಹುಡುಕಬೇಕು.

ಹೆಚ್ಚು ಹೊತ್ತು ಕೂರುವವರಿಗೆ ಒಳ್ಳೆಯ ಮೆತ್ತೆ ಬೇಕೇ ಬೇಕು. ನಡುವೆ ತೂತಿರುವ ದುಂಡನೆಯ ಮೆತ್ತೆ ಮಾತ್ರ ಬೇಡ. ಅದರ ಅಂಚು ಸುತ್ತಲೂ ಒತ್ತಿ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ಅವರು ಕೂತ ಮೇಲೆ ಮೆತ್ತೆಯ ಕೆಳಗೆ ಅಂಗೈ ಮೇಲೆ ಮಾಡಿ ಕೈ ತೂರಿಸಿ ನೋಡಿ. ಮೂಳೆ ನೇರವಾಗಿ ಕೈಗೆ ಸಿಕ್ಕಿದರೆ ಆ ಮೆತ್ತೆ ಪ್ರಯೋಜನಕ್ಕಿಲ್ಲ. ಮೆತ್ತೆ ಎಷ್ಟೇ ಚೆನ್ನಾಗಿರಲಿ, ಅರ್ಧ ಗಂಟೆಗೊಮ್ಮೆಯಾದರೂ ಮೈ ಅಲುಗಿಸಿ ಭಾರ ಬದಲಿಸದಿದ್ದರೆ ಹುಣ್ಣಾಗುವ ಭಯವಿದ್ದೇ ಇದೆ.

ಎರಡನೆಯ ಕುರ್ಚಿಗೆ ಅತ್ತೆಯವರನ್ನೇ ಕರೆದುಕೊಂಡು ಹೋದೆವು. ಅರ್ಧ ಗಂಟೆ ಅದರಲ್ಲೇ ಕೂತರು. ಬ್ರೇಕಿನ ಹಿಡಿಯನ್ನು ನಾಲ್ಕು ಸಲ ಎಳೆದು ನೋಡಿ, ಅಂಗಡಿಯವನಿಗೆ ‘ಇದು ಬಹಳ ಬಿಗಿ, ಬೇರೆ ತೋರಿಸಪ್ಪ’ ಎಂದರು.