ಮನೆಯವರನ್ನು ಪೊಲೀಸರು ಕರೆದೊಯ್ದಾಗ ನೆರೆಯವರು ಮಾಡಬೇಕಾದ್ದು

ಬಾಂಗ್ಲಾದೇಶಿಗರನ್ನು ಹುಡುಕುವ ಪೊಲೀಸ್ ಕಾರ್ಯಾಚರಣೆ ಮುಂಬಯಿಯ ಯಾವುದಾದರೂ ಬಸ್ತಿಯಲ್ಲಿ ನಡೆದರೆ, ಅಕ್ಕಿ ಬೇಳೆ ಹೊತ್ತು ಹೋಗಬೇಕೆಂಬುದೇ ನಮ್ಮ ಕನ್ನಡ ಬಳಗದವರಿಗೆ ಮೊದಲು ಹೊಳೆಯುವ ಮಾತು. ಮುಂಬಯಿಗೆ ಹೊಂದಿಕೊಂಡ ಮೀರಾ ರೋಡ್‌ನಲ್ಲಿ ನಾವು ಮಾಡಿದ್ದೂ ಅದನ್ನೇ. ಅಲ್ಲಿ ಚಾಳಿನ ಒಂದು ಖೋಲಿಯಲ್ಲಿ ತಾಯಿಯೊಬ್ಬರು ಚಾರ್ಜಿಗೆ ಹಾಕಿದ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕುಳಿತಿದ್ದರು. ವೈರು ಗಿಡ್ಡವಾದ್ದರಿಂದ, ಪೊಲೀಸರು ಕರೆದೊಯ್ದ ಗಂಡನ ಕರೆ ತಪ್ಪೀತೆಂಬ ಭಯದಲ್ಲಿ ಜಾಗ ಬಿಟ್ಟು ಏಳುತ್ತಿರಲಿಲ್ಲ. ನಾವು ಕೊಟ್ಟ ಅಕ್ಕಿ ಬೇಯಿಸಲು ಸಿಲಿಂಡರಿನಲ್ಲಿ ಗ್ಯಾಸೂ ಇರಲಿಲ್ಲ.

ಆದ್ದರಿಂದ ಮೊದಲ ದಿನ ಆ ವ್ಯಕ್ತಿ ಎಲ್ಲಿದ್ದಾರೆಂದು ಪತ್ತೆ ಮಾಡಿ ಮನೆಗೆ ತಿಳಿಸಬೇಕು. ಮರಾಠಿ ಚೆನ್ನಾಗಿ ಬಲ್ಲ ಇಬ್ಬರು ಠಾಣೆಗೆ ಹೋಗಿ, ಕರೆತಂದ ದಿನ, ವೇಳೆ ಮತ್ತು ಕಾರಣವನ್ನು ಕೇಳಿ ಬರೆದುಕೊಳ್ಳಲಿ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುವುದರಿಂದ ಆ ವೇಳೆಯ ಟಿಪ್ಪಣಿ ವಕೀಲರಿಗೆ ಬಹಳ ಬೇಕಾಗುತ್ತದೆ. ವಕೀಲರ ಶುಲ್ಕಕ್ಕೆ ಚಂದಾ ಎತ್ತುವ ಮುನ್ನ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರಿಗೂ ಮಹಿಳೆಯರು, ಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ.

ಜೊತೆಜೊತೆಗೇ ಕಾಗದಪತ್ರಗಳ ಕೆಲಸ ಆರಂಭವಾಗಬೇಕು, ಏಕೆಂದರೆ ತಾನು ವಿದೇಶಿಯಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಕಾನೂನು ಆ ವ್ಯಕ್ತಿಯ ಮೇಲೆಯೇ ಹೊರಿಸಿದೆ ಮತ್ತು ಆಧಾರ್ ಪೌರತ್ವದ ಪುರಾವೆಯಲ್ಲ. ಮೀರಾ ರೋಡ್‌ನಲ್ಲೇ ಹಿಡಿಯಲಾದ ಪಶ್ಚಿಮ ಬಂಗಾಳದ ಮುರ್ಶಿದಾಬಾದಿನ ಗಾರೆ ಕೆಲಸಗಾರರೊಬ್ಬರನ್ನು 2025ರ ಜೂನ್‌ನಲ್ಲಿ ಗಡಿಯಾಚೆ ಬಾಂಗ್ಲಾದೇಶಕ್ಕೆ ತಳ್ಳಿ, ಆಮೇಲೆ ಮರಳಿ ಕರೆತರಲಾಯಿತು. ಇಂಥಲ್ಲಿ ಒಂದೊಂದು ದಿನವೂ ಅಮೂಲ್ಯ. ಊರಿನಲ್ಲಿರುವ ಬಂಧುಗಳಿಗೆ ಫೋನ್ ಮಾಡಿ ಮತದಾರರ ಪಟ್ಟಿ, ಶಾಲೆಯ ದಾಖಲೆ, ತಂದೆತಾಯಿಯ ಜಮೀನಿನ ಪತ್ರಗಳನ್ನು ತರಿಸಿ. ಮೂಲ ಪ್ರತಿಗಳು ಮನೆಯವರ ಬಳಿಯೇ ಇರಲಿ; ನೀವು ಜೆರಾಕ್ಸ್ ಮಾತ್ರ ಒಯ್ಯಿರಿ.

ನೀವು ಕೂಡಿಸಿದ ಹಣವನ್ನು ಮೊದಲು ಖೋಲಿಯ ಬಾಡಿಗೆಗೂ ಗ್ಯಾಸಿಗೂ ಕೊಡಿ. ಹೆದರಿದ ಮಾಲೀಕರು ಖಾಲಿ ಮಾಡಿಸಿದರೆ ಮಕ್ಕಳ ಶಾಲೆಯೂ ತಪ್ಪುತ್ತದೆ, ಆದುದರಿಂದ ಹಿರಿಯರೊಬ್ಬರು ಅವರೊಡನೆ ಕುಳಿತು ಮಾತನಾಡುವುದು ಒಳಿತು. ಮನೆಖರ್ಚಿಗೆ ಕೊಡುವ ಹಣ ಆ ತಾಯಿಯ ಕೈಗೇ ಸೇರಲಿ. ವಿದೇಶಿ ಪೌರತ್ವ ಪಡೆದ ನಮ್ಮ ನೆಂಟರು ಕಳುಹಿಸುವ ಹಣ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಂತೆ ವಿದೇಶಿ ದೇಣಿಗೆಯೆನಿಸುವುದರಿಂದ, ಅದಕ್ಕೆ ಅನುಮತಿಯಿಲ್ಲದ ಸಂಘಗಳು ಅದನ್ನು ಸ್ವೀಕರಿಸಬಾರದು.

ಆ ಮನೆಯ ಫೋಟೋ ತೆಗೆಯಬೇಡಿ, ಹೆಸರನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ‘ನೀವು ನಿಜವಾಗಿ ಎಲ್ಲಿಯವರು’ ಎಂದು ಕೇಳುವುದೂ ಬೇಡ. ಅದನ್ನು ವಿಚಾರಿಸಲು ಕಾನೂನಿನ ವ್ಯವಸ್ಥೆಯಿದೆ, ಮಗುವಿನ ಹಾಲು ಆ ತೀರ್ಪಿಗೆ ಕಾಯಲಾರದು. 1960ರ ದಶಕದಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳ ನಮ್ಮ ಹಿರಿಯರಿಗೂ ಎಲ್ಲಿಯವರೆಂಬ ಪ್ರಶ್ನೆ ಎದುರಾಗಿತ್ತು.

ಬಿಡುಗಡೆಯಾಗಿ ಬಂದವರಿಗೆ ಹಳೆಯ ಕೆಲಸ ಸಿಗುವುದೆಂಬ ಭರವಸೆಯಿಲ್ಲ. ಸಂಗ್ರಹವಾದ ಹಣವನ್ನು ಮೊದಲ ವಾರದಲ್ಲೇ ಹಂಚಿ ಮುಗಿಸದೆ ಮೂರು ತಿಂಗಳ ಬಾಡಿಗೆಯಷ್ಟನ್ನು ತೆಗೆದಿಟ್ಟು, ಪರಿಚಯದ ಕಂತ್ರಾಟುದಾರರ ಬಳಿಗೆ ಅವರನ್ನು ನೀವೇ ಕರೆದುಕೊಂಡು ಹೋಗಿ.