ಗಾಯಕರು ಬದಲಾದರೂ ಬ್ಯಾಂಡ್ ಉಳಿಸಿಕೊಂಡ ಬಗೆ: ನನ್ನ ಅನುಭವ

ನಮ್ಮ ಹಾರ್ಡ್ ರಾಕ್ ಬ್ಯಾಂಡಿನಲ್ಲಿ ಈಗ ಹಾಡುತ್ತಿರುವವನು ನಾಲ್ಕನೆಯ ಗಾಯಕ. ಬಂದು ಹೋದ ಗಿಟಾರಿಸ್ಟ್‌ಗಳು ಅದಕ್ಕಿಂತಲೂ ಹೆಚ್ಚು. ಹಾಗಿದ್ದೂ ಮಂಗಳೂರಿನಲ್ಲಾಗಲಿ ಮಣಿಪಾಲದಲ್ಲಾಗಲಿ ಹಳಬರು ಕೇಳಿದ ಕೂಡಲೇ ನಮ್ಮ ನಾದವನ್ನು ಗುರುತಿಸುತ್ತಾರೆ. ಮೊದಲ ಗಾಯಕ ದುಬೈಗೆ ಹೊರಟಾಗ ಇಲ್ಲಿನ ಹಿರಿಯ ವಾದಕರೊಬ್ಬರು, "ಹಾಡುವವನೇ ಹೋದ ಮೇಲೆ ಇನ್ನೆಂಥ ಬ್ಯಾಂಡ್ ಮಾರಾಯ, ಸಾಮಾನು ಮಾರಿಬಿಡು" ಎಂದಿದ್ದರು. ಸಾಮಾನು ಇನ್ನೂ ನನ್ನ ಬಳಿಯೇ ಇದೆ.

ನಾನು ಹಿಡಿದ ದಾರಿ ಇಂಗ್ಲೆಂಡಿನ ಹಾರ್ಡ್ ರಾಕ್ ತಂಡ ಡೀಪ್ ಪರ್ಪಲ್‌ನ ಚರಿತ್ರೆಯಿಂದ ಹೊಳೆದದ್ದು. 1973ರಲ್ಲಿ ಗಾಯಕ ಇಯಾನ್ ಗಿಲ್ಲನ್ ಮತ್ತು ಬಾಸ್ ವಾದಕ ರೋಜರ್ ಗ್ಲೋವರ್ ಇಬ್ಬರೂ ಹೊರಬಂದಾಗ, ಬಟ್ಟೆಯಂಗಡಿಯಲ್ಲಿ ದುಡಿಯುತ್ತಿದ್ದ ಡೇವಿಡ್ ಕವರ್‌ಡೇಲ್ ಅವರನ್ನೂ ಬಾಸ್ ನುಡಿಸುತ್ತಲೇ ಹಾಡಬಲ್ಲ ಗ್ಲೆನ್ ಹ್ಯೂಸ್ ಅವರನ್ನೂ ಸೇರಿಸಿಕೊಂಡು ತಂಡ ಮರುವರ್ಷವೇ ಹೊಸ ಆಲ್ಬಂ ತಂದಿತು. 1975ರಲ್ಲಿ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಹೋಗಿ ಟಾಮಿ ಬೋಲಿನ್ ಬಂದರು, 1976ರಲ್ಲಿ ತಂಡ ಒಡೆಯಿತು, 1984ರಲ್ಲಿ ಹಳಬರು ಮತ್ತೆ ಕೂಡಿದರು. ಸದಸ್ಯರು ಎಷ್ಟು ಬದಲಾದರೂ 1968ರಿಂದ ತಂಡದ ಎಲ್ಲ ರೂಪಗಳಲ್ಲೂ ಇದ್ದವರು ಡ್ರಮ್ಮರ್ ಇಯಾನ್ ಪೈಸ್ ಒಬ್ಬರೇ. ಆದ್ದರಿಂದ ನಾನು ಗಾಯಕರ ಬೆನ್ನು ಹತ್ತುವುದನ್ನು ಬಿಟ್ಟು, ನಮ್ಮ ಡ್ರಮ್ಮರ್ ಊರು ಬಿಡದಂತೆ ನೋಡಿಕೊಂಡೆ. ಕಾರ್ಯಕ್ರಮದ ಹಣದಲ್ಲಿ ಅವನಿಗೆ ಒಂದೂವರೆ ಪಾಲು, ಬಾಸ್ ನುಡಿಸುವ ನನ್ನನ್ನೂ ಸೇರಿಸಿ ಉಳಿದವರಿಗೆ ಒಂದೊಂದು ಪಾಲು, ಬ್ಯಾಂಡಿನ ಪೆಟ್ಟಿಗೆಗೆ ಒಂದು ಪಾಲು. ಜೊತೆಗೆ ಹಗಲಿನಲ್ಲಿ ಅಭ್ಯಾಸದ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಅವನಿಂದ ಬಾಡಿಗೆ ಪಡೆಯಲಿಲ್ಲ. ಈ ಲೆಕ್ಕಕ್ಕೆ ಮುನಿಸಿಕೊಂಡು ಒಬ್ಬ ಗಿಟಾರಿಸ್ಟ್ ಹೋದದ್ದುಂಟು. ನಿಯಮವನ್ನು ಮಾತ್ರ ನಾನು ಸಡಿಲಿಸಲಿಲ್ಲ.

ಅದಕ್ಕೂ ಮೊದಲು ಕಳೆದುಕೊಂಡದ್ದು ಬಹಳ. ಒಂದು ಡಿಸೆಂಬರಿನಲ್ಲಿ ಗಾಯಕ, ಗಿಟಾರಿಸ್ಟ್ ಇಬ್ಬರಿಗೂ ಒಂದೇ ತಿಂಗಳಲ್ಲಿ ಗಲ್ಫ್ ವೀಸಾ ಬಂದು, ಕ್ರಿಸ್‌ಮಸ್ ಹೊತ್ತಿನ ಕಾರ್ಯಕ್ರಮದ ಮುಂಗಡ ಹಿಂದಿರುಗಿಸಿ, ಸೌಂಡ್‌ನವರಿಗೆ ಕೊಟ್ಟದ್ದನ್ನೂ ಬಿಟ್ಟು, ಸುಮಾರು 40 ಸಾವಿರ ರೂಪಾಯಿ ಕೈಬಿಟ್ಟಿತು. ಬಳಿಕ ಬೆಂಗಳೂರಿನಿಂದ ಗಾಯಕನೊಬ್ಬನನ್ನು ರಾತ್ರಿ ಬಸ್ಸಿನಲ್ಲಿ ಕರೆಸಿದೆವು. ಬಸ್ಸು, ವಸತಿ, ಸಂಭಾವನೆ ಸೇರಿ ಪ್ರತಿ ಬಾರಿಯೂ ಎಂಟು ಹತ್ತು ಸಾವಿರ ಖರ್ಚಾದರೂ, ಅಭ್ಯಾಸಕ್ಕೆ ಸಿಗದ ಗಾಯಕ ಹಾಡು ತಿರುಗುವ ಜಾಗದಲ್ಲಿ ನಮ್ಮತ್ತ ನೋಡುತ್ತ ನಿಲ್ಲುತ್ತಿದ್ದ. ಮಣಿಪಾಲದ ವಿದ್ಯಾರ್ಥಿಗಳಲ್ಲಿ ಪ್ರತಿಭೆಗೆ ಕೊರತೆಯಿಲ್ಲ, ಆದರೆ ಪರೀಕ್ಷೆ ಬಂದರೆ ಬ್ಯಾಂಡ್ ಬರಿದು.

ಫಲ ಕೊಟ್ಟದ್ದು ಧ್ವನಿಮುದ್ರಣ. ಪ್ರತಿಯೊಂದು ಹಾಡಿನ ಡ್ರಮ್ಸ್ ಮತ್ತು ಬಾಸ್ ಮಾತ್ರ ಇರುವ ಪ್ರತಿಯನ್ನು ನಾವಿಬ್ಬರೂ ಕುಳಿತು ನುಡಿಸಿ ಇಟ್ಟೆವು. ಹೊಸಬನಿಗೆ ಹಿಂದಿನವನ ದನಿ ಕೇಳಿಸುವುದಿಲ್ಲ, ಅದರ ಮೇಲೆ ಎರಡು ವಾರ ಅವನೇ ಹಾಡಿ ಕಳುಹಿಸಬೇಕು. ಅನುಕರಣೆಗೆ ಎಡೆಯೇ ಇಲ್ಲದ್ದರಿಂದ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆ. ಆ ಪ್ರತಿಗಳಲ್ಲಿ ನಾನು ಬೇಕೆಂದೇ ಮಾಡಿರುವ ಒಂದು ಬದಲಾವಣೆಯಿಂದ ಹೊಸಬನ ಕಿವಿ ಎಂಥದೆಂದು ಮೊದಲ ದಿನವೇ ತಿಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯ ಗಾಯಕ ಚರ್ಚಿನ ಕಾಯರ್‌ನಿಂದ ಬಂದವನು. ದನಿ ತುಂಬಿತ್ತು, ಆದರೆ ಎತ್ತರದ ಸ್ವರಗಳಲ್ಲಿ ಒಡೆಯುತ್ತಿತ್ತು. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ 1971ರಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರೆಸ್ವರ ಇಳಿಸಿದ್ದರು. ನಾವು ಒಂದೇ ಒಂದು ಅರೆಸ್ವರ ಇಳಿಸಿದೆವು. 10ರ ಅಳತೆಯ ತೆಳು ತಂತಿಗಳು ಸಡಿಲವಾಗಿ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ) ತಾಗಿ ಗುಂಯ್‌ಗುಡತೊಡಗಿದವು. ಅದಕ್ಕಿಂತ ದಪ್ಪದ 11ಕ್ಕೆ ಹೋದಾಗ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯ) ಸೀಳು ಸಾಲದೆ ತಂತಿ ಸಿಕ್ಕಿಕೊಂಡು, ತಂತಿಯನ್ನು ಬೆರಳಿನಿಂದ ಎಳೆದು ಬೆಂಡ್ ಮಾಡಿದಾಗಲೆಲ್ಲ ಟಕ್ಕೆಂದು ಶ್ರುತಿ ತಪ್ಪುತ್ತಿತ್ತು. ಸೀಳನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಿ, ಪೆನ್ಸಿಲಿನ ಸೀಸದ ಪುಡಿ ಹಾಕಿದ ಮೇಲೆ ಸರಿಹೋಯಿತು. ಮಳೆಗಾಲದಲ್ಲಿ ನಮ್ಮ ಕಡಲ ಗಾಳಿಗೆ ತಂತಿ ಎರಡು ವಾರವೂ ಬಾಳುವುದಿಲ್ಲವಾದ್ದರಿಂದ ಆ ಖರ್ಚು ಪೆಟ್ಟಿಗೆಯಿಂದಲೇ ಹೋಗುತ್ತದೆ.

ಗಾಯಕನಿಲ್ಲದ ಒಂದು ಮಳೆಗಾಲದಲ್ಲಿ ಹುಲಿವೇಷದ ಕುಣಿತಕ್ಕೆ ಬಾರಿಸುವ ತಾಸೆ ಎಂಬ ಚರ್ಮವಾದ್ಯವನ್ನು ಸೇರಿಸಿ ನೋಡಿದೆವು. ತಾಸೆಯ ಚುರುಕು ಏಟು ಡ್ರಮ್ಸ್‌ನ ಚುರುಕು ದನಿಯ ಸ್ನೇರ್‌ನ ಜಾಗವನ್ನೇ ಆಕ್ರಮಿಸುತ್ತಿತ್ತು, ಕುಣಿತದ ರೂಢಿಯಂತೆ ವೇಗವೂ ಏರುತ್ತಿತ್ತು. ಡ್ರಮ್ಮರ್ ಸ್ನೇರ್ ಬಿಟ್ಟು ದಪ್ಪ ದನಿಯ ಕಿಕ್ ಮತ್ತು ಟಾಮ್‌ ಡ್ರಮ್‌ಗಳಲ್ಲಷ್ಟೇ ನುಡಿಸಿದಾಗ ಒಂದು ಹಾಡು ಕೈಗೂಡಿತು, ಅದನ್ನು ಇಂದಿಗೂ ಕೊನೆಯಲ್ಲಿ ಕೇಳಿ ಹಾಡಿಸುತ್ತಾರೆ.

ನಾಲ್ಕನೆಯ ಗಾಯಕ ಸುಮಾರು ಮೂರು ವಾರದಲ್ಲಿ ಹನ್ನೆರಡು ಹಾಡುಗಳಿಗೆ ಸಿದ್ಧನಾದ. ಉಡುಪಿಯ ಮೊದಲ ಕಾರ್ಯಕ್ರಮದಲ್ಲೇ ಖರ್ಚು ಕಳೆದು 18 ಸಾವಿರದಷ್ಟು ಉಳಿಯಿತು. ಈಗಿನ ಗಿಟಾರಿಸ್ಟ್ ಬರುವ ವರ್ಷ ಬೆಂಗಳೂರಿಗೆ ಹೋಗುವವನಿದ್ದಾನೆ. ಅವನ ಜಾಗಕ್ಕೆ ಬರಲಿರುವ ಹುಡುಗನಿಗೆ ಧ್ವನಿಮುದ್ರಣಗಳನ್ನು ಕಳುಹಿಸಿಯಾಗಿದೆ.